ಗಿರಣಿಗೆ ಹೋಗದ ಗಡಿಯಾರ

ಈ ಬರಹದಲ್ಲಿ ಕೊರತೆಗಳು ಉಳಿದಿರುತ್ತವೆ ಎಂಬ ಅಳುಕಿನಿಂದಲೇ ಆರಂಭಿಸುತ್ತಿದ್ದೇನೆ, ಓದುವವರು ಮನ್ನಿಸಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ರಜೆಯ ಅರ್ಜಿ ಬರೆಯುವಾಗಲೂ ಎಲ್ಲಿ ತಪ್ಪು ಉಳಿಯಿತೋ ಎಂದು ಮತ್ತೆ ಮತ್ತೆ ತಿದ್ದುವ ಸ್ವಭಾವ ನನ್ನದು. ಮೊಬೈಲು, ಇಯರ್‌ಫೋನು, ಚಾರ್ಜರುಗಳ ವಿಷಯವಾದರೆ ಮಾತ್ರ ಆ ಅಳುಕು ಇರುವುದಿಲ್ಲ. ಯಾವ ಫೋನಿನ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ, ಯಾವ ಆ್ಯಪ್ ಅಗತ್ಯವಿಲ್ಲದ ಅನುಮತಿಗಳನ್ನು ಕೇಳುತ್ತದೆ ಎಂಬುದನ್ನೆಲ್ಲ ಸಹೋದ್ಯೋಗಿಗಳ ಮೊಬೈಲ್ ಗುಂಪಿಗೆ ಉದ್ದುದ್ದ ಬರೆದು ಹಾಕುವವಳು ನಾನು. ಆದರೆ ಇಲ್ಲಿ ಹೇಳಬೇಕಾಗಿರುವುದು ಅಪ್ಪನ ಎದೆಬಡಿತದ ಬಗ್ಗೆ, ಅದನ್ನು ದೂರದಿಂದಲೇ ಕಾಯಲೆಂದು ನಾನು ಕೊಂಡ ಒಂದು ಕೈಗಡಿಯಾರದ ಬಗ್ಗೆ. ಇದನ್ನು ಹೇಗೆ ಬರೆದರೆ ಸರಿ ಎಂಬುದು ನನಗೆ ತಿಳಿಯದು.

ಅಪ್ಪನದು ಹಿಟ್ಟಿನ ಗಿರಣಿ. ಜೇವರ್ಗಿ ತಾಲ್ಲೂಕಿನಲ್ಲಿ, ನೆಲೋಗಿಯಿಂದ ಒಳಗೆ ಸರಿದ ನಮ್ಮ ಊರಿನಲ್ಲಿ ಮನೆಗೂ ಗಿರಣಿಗೂ ನಡುವೆ ಇರುವುದು ಒಂದೇ ಗೋಡೆ. ಯಂತ್ರಗಳ ಮೇಲಿನ ನನ್ನ ಪ್ರೀತಿ ಹುಟ್ಟಿದ್ದು ಆ ಗೋಡೆಯ ಆಚೆಯಿಂದ ಬರುತ್ತಿದ್ದ ಸದ್ದಿನಲ್ಲಿ. ಜೋಳಕ್ಕೆ ಒಂದು ಸದ್ದು, ಗೋದಿಗೆ ಇನ್ನೊಂದು. ಕಲ್ಲು ಸವೆದಿದ್ದರೆ ಮತ್ತೊಂದು. ಅಪ್ಪ ಬೀಳುತ್ತಿರುವ ಹಿಟ್ಟನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ತಿಕ್ಕಿ ನೋಡಿ, ಕಲ್ಲುಗಳ ಅಂತರವನ್ನು ಕೂದಲೆಳೆಯಷ್ಟು ಬಿಗಿ ಮಾಡುತ್ತಿದ್ದ. ಹೊಸ ಫೋನಿನ ಸೆಟ್ಟಿಂಗ್ಸ್ ಒಳಗೆ ಹೊಕ್ಕು ಒಂದೊಂದನ್ನೇ ಬದಲಿಸಿ ನೋಡುವಾಗ ನನಗೆ ಆಗುವ ಸುಖ ಅಪ್ಪನಿಂದಲೇ ಬಂದದ್ದಿರಬೇಕು.

ಗಿರಣಿಯಲ್ಲಿ ಅಪ್ಪನದೊಂದು ಕಟ್ಟಳೆ ಇತ್ತು: ಕೈಗೆ ಏನನ್ನಾದರೂ ಕಟ್ಟಿಕೊಂಡವರು ಹೊಸ್ತಿಲು ದಾಟಬಾರದು. ಮೋಟರಿನಿಂದ ಕಲ್ಲಿಗೆ ಓಡುವ ಪಟ್ಟಾ ಯಾರ ಮುಲಾಜನ್ನೂ ನೋಡುವುದಿಲ್ಲ; ಹರೆಯದಲ್ಲಿ ಅಪ್ಪ ಕೆಲಸ ಕಲಿತ ಗಿರಣಿಯಲ್ಲಿ ಒಬ್ಬಾತನ ತೋಳಿನ ಬಟ್ಟೆ ಸಿಕ್ಕಿ, ಆತ ಮುಂಗೈಯನ್ನೇ ಕಳೆದುಕೊಂಡಿದ್ದನಂತೆ. ಅಂದಿನಿಂದ ಅಪ್ಪ ಪೂಜೆಯಲ್ಲಿ ಕಟ್ಟಿದ ದಾರವನ್ನು ಸಹ ಬಿಚ್ಚಿ ಮೊಳೆಗೆ ನೇತುಹಾಕಿ ಒಳಗೆ ಹೋಗುತ್ತಿದ್ದ. ಬಳೆ ತೊಟ್ಟು ಬೀಸಿಸಲು ಬಂದ ಹೆಣ್ಣುಮಕ್ಕಳಿಗೆ, ‘ಬಳಿ ಇದ್ದ ಕೈ ಒಳಗ ಬ್ಯಾಡ್ರಿ, ಡಬ್ಬಿ ಅಲ್ಲೇ ಇಡ್ರಿ’ ಎನ್ನುತ್ತಿದ್ದ. ಈ ಕಟ್ಟಳೆಯಿಂದ ಅವ್ವನಿಗೂ ವಿನಾಯಿತಿ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವ್ವ ಚಹಾದ ಲೋಟ ಹಿಡಿದು ಹೊಸ್ತಿಲಲ್ಲೇ ನಿಲ್ಲುತ್ತಿದ್ದಳು; ಅಪ್ಪ ಹಿಟ್ಟಿನ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಬಂದು ಲೋಟ ತೆಗೆದುಕೊಳ್ಳುತ್ತಿದ್ದ.

ನಾನು ಕಡಗಂಚಿಯಲ್ಲಿ ಸ್ನಾತಕೋತ್ತರ ಓದು ಮುಗಿಸಿ, ಆಳಂದದ ಒಂದು ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಮರುವರ್ಷ ಅಪ್ಪ ಒಂದು ದಿನ ಗಿರಣಿಯಲ್ಲೇ ಚೀಲಗಳ ಮೇಲೆ ಕುಳಿತುಬಿಟ್ಟ. ಕಣ್ಣಿಗೆ ಕತ್ತಲೆ ಬಂದಿತ್ತು. ಕಲಬುರಗಿಯ ವೈದ್ಯರು ಪರೀಕ್ಷಿಸಿ, ಎದೆಬಡಿತ ಆಗಾಗ ದಾರಿ ತಪ್ಪುತ್ತಿದೆ ಎಂದರು. ಮಾತ್ರೆಗಳನ್ನು ಕೊಟ್ಟು, ಬಡಿತ ಬಹಳ ಏರಿದರೆ ಅಥವಾ ತಲೆ ತಿರುಗಿದರೆ ತಡಮಾಡದೆ ಕರೆತರಬೇಕೆಂದು ನನಗೆ ಹೇಳಿದರು. ಆದರೆ ನಾನಿದ್ದದ್ದು ಆಳಂದದಲ್ಲಿ, ಅಪ್ಪನಿದ್ದದ್ದು ಗಿರಣಿಯ ಸದ್ದಿನಲ್ಲಿ. ತನಗೆ ಏನಾಗುತ್ತಿದೆ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

ಎದೆಬಡಿತ ಅಳೆಯುವ ಸ್ಮಾರ್ಟ್‌ವಾಚುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮಣಿಕಟ್ಟಿಗೆ ತಾಗುವ ಅದರ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತದ ಓಟವನ್ನು ನೋಡಿ ಬಡಿತವನ್ನು ಅಂದಾಜು ಮಾಡುತ್ತದೆ. ಅದು ವೈದ್ಯರ ಯಂತ್ರವಲ್ಲ ಎಂದು ಅದರ ಡಬ್ಬಿಯ ಮೇಲೆಯೇ ಬರೆದಿತ್ತು. ಅದನ್ನೂ ಓದಿದೆ. ಓದಿಯೇ ಕೊಂಡೆ. ಅಪ್ಪನ ಫೋನಿಗೆ ಅದನ್ನು ಜೋಡಿಸಿ, ಆ ಅಂಕಿ ನನ್ನ ಫೋನಿನಲ್ಲೂ ಕಾಣುವಂತೆ ಮಾಡಿದೆ. ಹಿಟ್ಟು ಹೊಕ್ಕೀತೆಂದು ಅಪ್ಪನ ಫೋನು ಗಿರಣಿಗೆ ಹೋಗುತ್ತಲೇ ಇರಲಿಲ್ಲ, ಪಡಸಾಲೆಯ ಗೂಡಿನಲ್ಲಿರುತ್ತಿತ್ತು. ಗೋಡೆಯ ಆಚೆಗೂ ಬ್ಲೂಟೂತ್ ಸಿಗುತ್ತದೆಯೇ ಎಂದು ನಾನೇ ನಡೆದಾಡಿ ಪರೀಕ್ಷಿಸಿದೆ. ಸಿಗುತ್ತಿತ್ತು. ಅಪ್ಪ ಮಣಿಕಟ್ಟನ್ನು ಹೊರಳಿಸಿ ಹೊರಳಿಸಿ ನೋಡಿದ.

‘ಇದರಾಗ ಟೈಮೂ ತೋರಸ್ತದೇನು?’

‘ತೋರಸ್ತದಪ್ಪಾ.’

‘ಹಂಗಾದ್ರ ಚಲೋ ಆತು. ಎದಿ ನಿಂತ್ರೂ ಟೈಮ್ ನಿಲ್ಲಂಗಿಲ್ಲ.’

ಅವ್ವ ಒಲೆಯ ಮುಂದಿನಿಂದಲೇ ಗದರಿದಳು: ‘ನಿಮ್ಮ ಬಾಯಾಗ ಒಂದಾರ ಒಳ್ಳೇ ಮಾತು ಬರ್ತದೇನು?’

ನಾನು ಆಳಂದಕ್ಕೆ ಮರಳಿದ ಮೊದಲ ದಿನವೇ ಪ್ರಯೋಗಾಲಯದಲ್ಲಿ ಕುಳಿತಿದ್ದಾಗ ಫೋನಿನಲ್ಲಿ ಅಂಕಿ ಮಾಯವಾಯಿತು. ಅದರ ಜಾಗದಲ್ಲಿ ಎರಡು ಸಣ್ಣ ಗೆರೆಗಳು ನಿಂತಿದ್ದವು. ಕೈಯಿಂದ ಗಡಿಯಾರ ಬಿಚ್ಚಿದರೂ ಹಾಗೆಯೇ ಆಗುತ್ತದೆ ಎಂಬುದು ನನಗೆ ಗೊತ್ತಿತ್ತು. ಆದರೂ ಮನೆಗೆ ಫೋನು ಮಾಡಿ, ಅಪ್ಪ ಎಲ್ಲಿ, ಹೇಗಿದ್ದಾನೆ, ಈಗಲೇ ಹೋಗಿ ನೋಡು ಎಂದು ಅವ್ವನ ಮೇಲೆ ಹರಿಹಾಯ್ದೆ. ಅವ್ವ ಬರಿಗಾಲಲ್ಲಿ ಗಿರಣಿಯ ಹೊಸ್ತಿಲಿಗೆ ಓಡಿ, ಸದ್ದಿನ ಮೇಲೆ ಸದ್ದು ಮಾಡಿ ಕೂಗಿ, ಆತ ಕೈಬೀಸಿದ್ದನ್ನು ಕಂಡು ಬಂದಳು. ಗಡಿಯಾರ ದೇವರ ಜಗುಲಿಯ ಮೇಲಿತ್ತಂತೆ. ಏದುಸಿರಿನಲ್ಲೇ ಕೇಳಿದಳು: ‘ಆ ಎರಡು ಗೆರಿ ಬಂದ್ರ ಏನ್ ಅಂದಂಗ ಬೇ?’

‘ಬಡಿತ ಸಿಗವಲ್ದು ಅಂದಂಗ. ಅದಕ್ಕ ಕೈಯಾಗಿಂದು ತೆಗೀಬ್ಯಾಡ ಅನ್ನು. ನನಗ ಇಲ್ಲಿ ಜೀವ ಹೋದಂಗ ಆಗ್ತದ.’

ಅವ್ವ ‘ಆತು’ ಎಂದಳು. ಆಮೇಲೆ ಆ ಗೆರೆಗಳು ನನ್ನ ಫೋನಿನಲ್ಲಿ ಕಾಣಿಸಲೇ ಇಲ್ಲ.

ಗಿರಣಿಯ ಕಟ್ಟಳೆ ನನಗೆ ನೆನಪಿರಲಿಲ್ಲವೆಂದಲ್ಲ. ಆದರೆ ಹಿಂದಿನ ದೀಪಾವಳಿಗೆ ನಾನೇ ಹಟಮಾಡಿ ಪಟ್ಟಾದ ಸುತ್ತ ಕಬ್ಬಿಣದ ಜಾಲರಿ ಹಾಕಿಸಿದ್ದೆ. ಇನ್ನು ಆ ಭಯವಿಲ್ಲ ಎಂದುಕೊಂಡಿದ್ದೆ. ಒಮ್ಮೆ ಅಪ್ಪನನ್ನೇ ಕೇಳಿಯೂ ಕೇಳಿದೆ, ಬೀಸುವಾಗ ಹಾಕಿಕೊಂಡಿರುತ್ತೀಯಲ್ಲವೇ ಎಂದು. ‘ಅದು ತನ್ನ ಕೆಲಸ ಮಾಡಾಕತ್ತದ, ನೀ ನಿನ್ನ ಕೆಲಸ ನೋಡ್ಕೊ ಯವ್ವಾ’ ಎಂದು ನಕ್ಕ. ಅಂಕಿ ಎದುರಿಗೇ ಇದ್ದುದರಿಂದ ಹೆಚ್ಚು ಕೇಳಬೇಕೆನಿಸಲಿಲ್ಲ.

ಆ ತಿಂಗಳುಗಳಷ್ಟು ನಿಶ್ಚಿಂತೆಯಿಂದ ನಾನು ಹಿಂದೆಂದೂ ಇರಲಿಲ್ಲ. ಹಗಲೆಲ್ಲ ಬಡಿತ ಎಪ್ಪತ್ತರ ಆಸುಪಾಸಿನಲ್ಲಿ ನೆಟ್ಟಗೆ ಸಾಗುತ್ತಿತ್ತು. ರಾತ್ರಿ ಮಾತ್ರ ಒಮ್ಮೊಮ್ಮೆ ಏರುತ್ತಿತ್ತು, ಇಳಿಯುತ್ತಿತ್ತು. ದುಡಿಯುವ ಎದೆ ದುಡಿಯುವಾಗಲೇ ಸರಿಯಾಗಿರುತ್ತದೆ ಎಂದು ನಾನೇ ಅರ್ಥಮಾಡಿಕೊಂಡೆ. ಇನ್ನೂ ಒಂದು ಸಂತೋಷವಿತ್ತು. ಬೆಳಗಿನ ಹೊತ್ತು ಗಡಿಯಾರ ಬಹಳ ಹೆಜ್ಜೆಗಳನ್ನು ಎಣಿಸುತ್ತಿತ್ತು. ವೈದ್ಯರು ಹೇಳಿದಂತೆ ಅಪ್ಪ ವಾಯುವಿಹಾರಕ್ಕೆ ಹೋಗುತ್ತಿದ್ದಾನೆಂದು ಹಿಗ್ಗಿ, ಎಲ್ಲಿಯವರೆಗೆ ನಡೆಯುತ್ತೀ ಎಂದು ಕೇಳಿದರೆ, ‘ಹಿಂಗೇ, ಮನೀ ಸುತ್ತಮುತ್ತ’ ಎನ್ನುತ್ತಿದ್ದ. ಹಿಂದಿನಿಂದ ಅವ್ವ ನಗುವುದು ಕೇಳಿಸುತ್ತಿತ್ತು. ಅಪ್ಪನ ಫೋನಿಗೆ ಅವಳ ನಗು ಬಿದ್ದರೆ ನನಗೂ ನಗು ಬರುತ್ತಿತ್ತು, ಕಾರಣ ಕೇಳುತ್ತಿರಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ ಗಡಿಯಾರದ ಗಾಜಿನ ಒಂದೇ ಅಂಚಿನಲ್ಲಿ ಕೂದಲಿನಂಥ ಗೀರುಗಳನ್ನು ಕಂಡೆ. ಗಿರಣಿಯ ಕಲ್ಲಿನ ಪುಡಿ ತಾಗಿರಬೇಕೆಂದು ತೀರ್ಮಾನಿಸಿ, ಗಾಜಿಗೆ ಅಂಟಿಸುವ ಪಾರದರ್ಶಕ ಹಾಳೆಯೊಂದನ್ನು ತರಿಸಿ ಅಂಟಿಸಿದೆ. ಗಾಳಿಯ ಗುಳ್ಳೆ ಒಂದೂ ಉಳಿಯದಂತೆ ಅಂಟಿಸಿದ್ದಕ್ಕೆ ಹೆಮ್ಮೆಪಟ್ಟೆ.

ಕಲಬುರಗಿಗೆ ಮತ್ತೆ ತೋರಿಸಲು ಹೋಗಬೇಕಾದ ದಿನ ಬಂದಾಗ ಅಪ್ಪ ಒಲ್ಲೆನೆಂದ. ಹೊಸ ಜೋಳ ಬರುವ ಕಾಲ. ಗಿರಣಿಯ ಮುಂದೆ ಡಬ್ಬಿಗಳು ಸಾಲುಗಟ್ಟಿರುತ್ತವೆ. ‘ನಿನ್ನ ಫೋನಿನ್ಯಾಗ ಚಲೋ ಅದ ಅಂತ ನೀನೇ ಅಂದಿಯಲ್ಲ, ಮತ್ತ ದವಾಖಾನಿ ಯಾಕ?’ ಎಂದು ಕೇಳಿದ. ಸುಗ್ಗಿ ಮುಗಿಯಲಿ ಎಂದು ಇಬ್ಬರೂ ಒಪ್ಪಿಕೊಂಡೆವು.

ಸುಗ್ಗಿ ಮುಗಿಯುವ ಮೊದಲೇ ಅದು ನಡೆಯಿತು. ಅಂದು ಮುಂಜಾನೆ ನಾನು ಪ್ರಯೋಗಾಲಯದ ಬಾಗಿಲು ತೆರೆದು, ಅಭ್ಯಾಸದಂತೆ ಫೋನು ನೋಡಿದೆ. ಎಪ್ಪತ್ತಾರು. ಸಹೋದ್ಯೋಗಿಯೊಬ್ಬರು ತಮ್ಮ ತಾಯಿಗೂ ಇಂಥದೊಂದು ಕೊಡಿಸಬೇಕೆಂದಿದ್ದರು. ಅವರಿಗೆ ಆ ಅಂಕಿಯನ್ನು ತೋರಿಸಿ, ಬೇರೆ ಬೇರೆ ಗಡಿಯಾರಗಳ ಗುಣದೋಷ ವಿವರಿಸುತ್ತಿದ್ದೆ. ನನ್ನ ಮಾತು ಮುಗಿಯುವ ಮೊದಲೇ ಪರದೆಯ ಮೇಲಿನ ಅಂಕಿ ನೂರು ದಾಟಿತು, ನೂರಮೂವತ್ತು ಆಯಿತು. ಮನೆಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಆಮೇಲೆ ಪಕ್ಕದ ಮನೆಯ ಕಾಕಾ ತಾವಾಗಿಯೇ ಫೋನು ಮಾಡಿದರು. ‘ಅಪ್ಪಗ ಒಂದಿಷ್ಟು ಆರಾಮಿಲ್ಲ ಯವ್ವಾ. ಬಂದು ಹೋಗು’ ಎಂದರು.

ನಮ್ಮ ಕಡೆ ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ. ದಾರಿಯಲ್ಲಿ ಒಬ್ಬಂಟಿಯಾಗಿರುವವರ ಎದೆ ಒಡೆಯಬಾರದೆಂದು, ಆರಾಮಿಲ್ಲ, ಬಾ ಎನ್ನುತ್ತಾರೆ. ಆ ಮಾತಿನ ಅರ್ಥ ಸಣ್ಣ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ನನ್ನ ಕೈಯಲ್ಲಿ ನೂರಮೂವತ್ತು ಇತ್ತು. ನಿಂತ ಎದೆ ಹೀಗೆ ಬಡಿಯುವುದಿಲ್ಲವಲ್ಲ. ‘ಕಾಕಾ, ಬಡಿತ ಏರ್ಯಾದ, ಮಾತ್ರಿ ಕೊಡ್ರಿ, ಗಾಡಿ ಮಾಡಿ ಕಲಬುರಗಿಗೆ ಕರ್ಕೊಂಡು ಬರ್ರಿ, ನಾ ಅಲ್ಲಿಗೇ ಬರ್ತೇನಿ’ ಎಂದು ಬಡಬಡಿಸಿದೆ. ಅವರು ‘ನೀ ಮನೀಗೇ ಬಾ, ಯವ್ವಾ’ ಎಂದರು.

ಆಳಂದದಿಂದ ಕಲಬುರಗಿ, ಕಲಬುರಗಿಯಿಂದ ಜೇವರ್ಗಿ, ಅಲ್ಲಿಂದ ನೆಲೋಗಿಯ ದಾರಿ. ಅಷ್ಟು ದೂರವೂ ನಾನು ಫೋನಿನಿಂದ ಕಣ್ಣು ಕೀಳಲಿಲ್ಲ. ಭೀಮೆಯ ಸೇತುವೆಯ ಮೇಲೆ ನೆಟ್‌ವರ್ಕ್ ಹೋದಾಗ ಉಸಿರು ಹಿಡಿದೆ. ಆಚೆ ದಡದಲ್ಲಿ ಅಂಕಿ ಮರಳಿ ಬಂದಾಗ ಅತ್ತೆ. ನೂರಮೂವತ್ತು ನೂರಹದಿನೈದಾಯಿತು, ನೂರಾಯಿತು. ಪಕ್ಕದಲ್ಲಿ ಕುಳಿತಿದ್ದ ಮುದುಕಿಗೆ, ಕೇಳದಿದ್ದರೂ ಹೇಳಿದೆ: ‘ನಮ್ಮಪ್ಪಂದು ಇಳಿಯಾಕತ್ತದ್ರಿ, ಆರಾಮ್ ಆಗಾಕತ್ತಾನ.’ ಆಕೆ ಏನು ಅರ್ಥಮಾಡಿಕೊಂಡಳೋ, ನನ್ನ ಮೊಣಕಾಲ ಮೇಲೆ ಕೈಯಿಟ್ಟು ಇಳಿಯುವವರೆಗೂ ತೆಗೆಯಲಿಲ್ಲ.

ಮನೆಯ ಮುಂದೆ ಜನ ಇದ್ದರು. ಗಿರಣಿ ನಿಂತಿತ್ತು.

ನಮ್ಮ ಪದ್ಧತಿಯಂತೆ ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ. ತೊಳೆದಿದ್ದರೂ ಮುಂಗೈಯ ಕೂದಲ ಬುಡದಲ್ಲಿ ಹಿಟ್ಟು ಉಳಿದಿತ್ತು. ತೊಡೆಯ ಮೇಲಿದ್ದ ಎರಡೂ ಕೈಗಳು ಖಾಲಿ. ನನ್ನ ಫೋನಿನಲ್ಲಿ ತೊಂಬತ್ತೆರಡು. ಅಳುವುದಕ್ಕೂ ಮೊದಲು ನಾನು ಕೇಳಿದ್ದು, ಗಡಿಯಾರ ಎಲ್ಲಿ ಎಂದು. ಈ ಹೊತ್ತಿನಲ್ಲಿ ಮಗಳು ಗಡಿಯಾರ ಕೇಳುತ್ತಾಳಲ್ಲ ಎಂಬಂತೆ ಜನ ನನ್ನನ್ನು ನೋಡಿದರು. ಬಡಿಯುತ್ತಿದೆ, ನೋಡಿ, ಇನ್ನೂ ಬಡಿಯುತ್ತಿದೆ ಎಂದು ಫೋನನ್ನು ಕಾಕಾನ ಮುಖದ ಮುಂದೆ ಹಿಡಿದದ್ದು ನೆನಪಿದೆ. ಅವರು ಅದನ್ನು ನೋಡದೆ ನನ್ನ ತಲೆ ಸವರಿದರು.

ಅಫಜಲಪುರದಿಂದ ಬಂದಿದ್ದ ಸೋದರತ್ತೆ, ಅಪ್ಪನ ಅಕ್ಕ, ಅವ್ವನ ಪಕ್ಕದಲ್ಲಿದ್ದಳು. ಗಂಡ ಸತ್ತಾಗ ಬಳೆ ತೆಗೆಯುವ ಪದ್ಧತಿಯನ್ನು ನಮ್ಮಲ್ಲಿ ಕೆಲವು ಮನೆಗಳು ಬಿಟ್ಟಿವೆ. ನಮ್ಮ ಮನೆ ಬಿಟ್ಟಿರಲಿಲ್ಲ. ಅತ್ತೆ ಅವ್ವನ ಎಡಗೈಯ ಮೇಲಿನ ಸೆರಗು ಸರಿಸಿದಳು. ಹಸಿರು ಬಳೆಗಳ ನಡುವೆ ಗಡಿಯಾರವಿತ್ತು.

‘ಇದೇನ ಬೇ, ತಮ್ಮನ ಗಡಿಯಾರ ನಿನ್ನ ಕೈಯಾಗ?’

ಅವ್ವ ಅತ್ತೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ‘ದಿನಾ ಗಿರಣಿಗೆ ಹೋಗೂ ಮುಂದ ಅವರೇ ಬಿಚ್ಚಿ ನನ್ನ ಕೈಗೆ ಕಟ್ಟತಿದ್ರು. ಎರಡು ಗೆರಿ ಬಂದ್ರ ಮಗಳು ಹೆದರ್ತಾಳ, ಯಾರ ಎದಿ ಬಡದ್ರೇನು, ಆಕಿ ಉಂಡು ಕೆಲಸಕ್ಕ ಹೋಗಲಿ ಅಂತಿದ್ರು. ಸಂಜೀಕ ಬಂದು ಮತ್ತ ತಾವು ಕಟ್ಕೊಂತಿದ್ರು.’

ಅವ್ವ ಕೈಯನ್ನು ನನ್ನತ್ತ ಚಾಚಿದಳು.

‘ಈಗ ತೆಗದ್ರ ಗೆರಿ ಬರ್ತಾವೇನು ಬೇ?’

‘ಬರ್ತಾವ ಯವ್ವಾ.’

‘ಹಂಗಾದ್ರ ನೀನೇ ತೆಗಿ.’

ನಾನೇ ತೆಗೆದೆ. ಪಟ್ಟಿಯ ಕೊಂಡಿ ಬಳೆಗಳ ನಡುವೆ ಸಿಕ್ಕಿಕೊಂಡು ಬೇಗ ಬರಲಿಲ್ಲ. ಗಡಿಯಾರ ಕೈಬಿಟ್ಟ ಮೇಲೂ ಸ್ವಲ್ಪ ಹೊತ್ತು ತೊಂಬತ್ತೆರಡೇ ಇತ್ತು. ಆಮೇಲೆ ಎರಡು ಗೆರೆಗಳು ಬಂದವು. ಅತ್ತೆ ಬಳೆಗಳಿಗೆ ಕೈ ಹಾಕಿದಳು. ಆಗ ನಾನು ಅತ್ತುಬಿಟ್ಟೆ.

ಮುಂದೆ ಎಷ್ಟೋ ಸಲ ಆ ತಿಂಗಳುಗಳ ಅಂಕಿಗಳನ್ನು ತೆರೆದು ನೋಡಿದ್ದೇನೆ. ಈಗ ಎಲ್ಲವೂ ಓದಲು ಬರುತ್ತದೆ. ಗಾಜಿನ ಅಂಚಿನ ಗೀರುಗಳು ಬಳೆಗಳವು. ಹಗಲಿನ ನೆಮ್ಮದಿಯ ಬಡಿತ ಅವ್ವನದು; ಏರುತ್ತ ಇಳಿಯುತ್ತಿದ್ದ ರಾತ್ರಿಗಳು ಮಾತ್ರ ಅಪ್ಪನವು. ಬೆಳಗಿನ ಹೆಜ್ಜೆಗಳು ಹೆಜ್ಜೆಗಳಲ್ಲ. ಗಡಿಯಾರಕ್ಕೆ ಗೊತ್ತಾಗುವುದು ಕೈಯ ಕುಲುಕಾಟ ಮಾತ್ರ. ಅವ್ವ ರೊಟ್ಟಿ ಬಡಿಯುತ್ತ, ಎರಡೂ ಕೈಗಳಿಂದ ರೊಟ್ಟಿಯನ್ನು ಸುತ್ತ ತಿರುಗಿಸುತ್ತಿದ್ದಾಗ ಅದು ನಡಿಗೆಯೆಂದು ಎಣಿಸಿತ್ತು. ಅಪ್ಪ ನಸುಕಿನಲ್ಲೇ ಗಿರಣಿ ತೆರೆಯುತ್ತಿದ್ದ. ಒಲೆ ಹೊತ್ತಿಸುವ ಹೊತ್ತಿಗೆ ಗಡಿಯಾರ ಅವಳ ಕೈಯಲ್ಲಿರುತ್ತಿತ್ತು. ಅಂದು ಪ್ರಯೋಗಾಲಯದಲ್ಲಿ ನಾನು ಕಂಡ ನೂರಮೂವತ್ತು, ಗಿರಣಿಯ ಸದ್ದು ಬದಲಾದುದನ್ನು ಕೇಳಿ ಅವ್ವ ಓಡಿದ ಓಟ. ಕಲ್ಲಿನ ಬಾಯಿಗೆ ಕಾಳು ಸುರಿಯುವವರಿಲ್ಲದೆ ಕಲ್ಲುಗಳು ಬರಿದೇ ಉಜ್ಜುತ್ತಿದ್ದವಂತೆ. ಆ ಸದ್ದನ್ನು ಗುರುತಿಸಲು ಅವಳಿಗೆ ಯಾವ ಆ್ಯಪೂ ಬೇಕಾಗಲಿಲ್ಲ. ಆದರೂ ಅವಳು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳಂತೆ, ಕೈಯಲ್ಲಿ ಬಳೆಗಳಿವೆಯಲ್ಲ ಎಂದು.

ಗಡಿಯಾರ ಅಪ್ಪನ ಕೈಯಲ್ಲೇ ಇದ್ದಿದ್ದರೆ ಉಳಿಯುತ್ತಿದ್ದನೇ ಎಂದು ಕಲಬುರಗಿಯ ವೈದ್ಯರನ್ನು ಕೇಳಿದೆ. ಹೇಳಲಾಗದು ಎಂದರು, ಅಂಥ ಗಡಿಯಾರ ಮುಂಚಿತವಾಗಿ ತೋರಿಸಿಯೇ ತೀರುತ್ತದೆಂಬ ಭರವಸೆ ಇಲ್ಲ ಎಂದರು. ಆ ಮಾತನ್ನು ಸಮಾಧಾನಕ್ಕಾಗಿ ಹೇಳಿದರೋ, ನಿಜವಾಗಿಯೇ ಹೇಳಿದರೋ ತಿಳಿಯಲಿಲ್ಲ. ಹೊಸ ಸಾಧನಗಳ ಮೇಲಿನ ಆಸೆ ನನಗೆ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಈಗಲೂ ಓದುತ್ತೇನೆ, ಈಗಲೂ ಜನ ಕೇಳುತ್ತಾರೆ. ಆದರೆ ಮನೆಯ ಹಿರಿಯರಿಗೆ ಯಾವುದನ್ನು ಕೊಡಿಸಲಿ ಎಂದು ಯಾರಾದರೂ ಕೇಳಿದರೆ, ಅವರು ದಿನವಿಡೀ ಕೈಯಿಂದ ಏನು ಕೆಲಸ ಮಾಡುತ್ತಾರೆ ಎಂದು ಮೊದಲು ಕೇಳುತ್ತೇನೆ. ಬಹಳ ಜನಕ್ಕೆ ಆ ಪ್ರಶ್ನೆ ವಿಚಿತ್ರವೆನಿಸುತ್ತದೆ.

ದಿನಕರ್ಮಗಳು ಮುಗಿದ ಮೇಲೆ ಯಡ್ರಾಮಿಯ ಕಡೆಯಿಂದ ಒಬ್ಬರು ಗಿರಣಿಯ ಯಂತ್ರ ಕೊಳ್ಳಲು ಬಂದರು. ಅತ್ತೆಯೂ ಕೊಟ್ಟುಬಿಡುವುದೇ ಒಳ್ಳೆಯದೆಂದಳು, ಇನ್ನು ಒಳಗೆ ಹೋಗುವವರು ಯಾರು ಎಂದಳು. ಅವ್ವ ಬಂದವರಿಗೆ ಚಹಾ ಕೊಟ್ಟಳು. ಆಮೇಲೆ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು, ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು: ‘ಬಳಿ ಇದ್ದ ಕೈ ಒಳಗ ಬ್ಯಾಡ ಅಂತಿದ್ರು. ಈಗ ಇಲ್ಲಲ್ರಿ. ನಾನೇ ಹೋಗ್ತೇನಿ.’

ಗಿರಣಿಯನ್ನು ಈಗ ಅವ್ವ ನಡೆಸುತ್ತಾಳೆ, ಮಧ್ಯಾಹ್ನದವರೆಗೆ ಮಾತ್ರ. ನಾನು ಆಳಂದದ ಕೆಲಸ ಬಿಟ್ಟು ಜೇವರ್ಗಿಯಲ್ಲಿ ಸಂಬಳ ಕಡಿಮೆಯಿರುವ ಒಂದು ಕೆಲಸಕ್ಕೆ ಸೇರಿದ್ದೇನೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಮನೆಗೆ ಬರುತ್ತೇನೆ. ರೊಟ್ಟಿ ನಾನು ಬಡಿಯುತ್ತೇನೆ. ಅವ್ವನನ್ನು ವೈದ್ಯರಲ್ಲಿಗೆ ಹೇಳಿದ ದಿನವೇ ಕರೆದೊಯ್ಯುತ್ತೇನೆ, ಸುಗ್ಗಿಯಿದ್ದರೂ. ಗಡಿಯಾರ ಬ್ಯಾಟರಿ ಮುಗಿದು ಅದರ ಡಬ್ಬಿಯಲ್ಲಿದೆ. ನಮ್ಮಿಬ್ಬರಲ್ಲಿ ಯಾರೂ ಅದನ್ನು ಚಾರ್ಜಿಗೆ ಹಾಕಿಲ್ಲ.